ಐದು ಸ್ಕ್ರೂ

ಆರು ಸ್ಕ್ರೂ ಬಿಚ್ಚಿದೆ, ಅಷ್ಟೇ,
ಬೆನ್ನು ತೆರೆದುಕೊಂಡಿತು.
ಮುಕ್ಕಾಲು ಪಾಲು ಬ್ಯಾಟರಿ,
ಮಿಕ್ಕಿದ್ದು ಬರೀ ಬಯಲು,
ಮೂಲೆಯಲ್ಲಿ ನನ್ನೆರಡು ಬೆರಳಗಲದ ಬೋರ್ಡು.
ಈ ಚಿಪ್ಪು ನನಗೆ ಹೊಸದಲ್ಲ.
ಹದಿನಾಲ್ಕು ವರ್ಷ ಗುಲು ಪೇಟೆಯಲ್ಲಿ
ನೀರಿಗೆ ಬಿದ್ದ, ಬೋಡಾ ಬೈಕಿನಿಂದ ಜಾರಿದ
ಫೋನುಗಳ ಹೊಟ್ಟೆಯಿಂದ
ಇದರ ಅಣ್ಣತಮ್ಮಂದಿರನ್ನು ಚಿಮಟದಲ್ಲಿ ಎತ್ತಿದವನು ನಾನು.

"ಹೇಳು ಒಕಿಡಿ, ಮೋಸ ಹೋದೆನಾ?"
ಲಮುನು ಕೇಳಿದಳು,
ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ.

ಏಳು ಲಕ್ಷ ಶಿಲ್ಲಿಂಗು ಎಣಿಸಿಕೊಂಡ
ಕಂಪಾಲದ ವಮಲ ಹೇಳಿದ್ದು ಮೂರು ಮಾತು:
ಇಡೀ ದಿನ ಚಾರ್ಜು ಕೇಳದು,
ತೊಡೆ ಸುಡದು,
ಸದ್ದು ಮಾಡದು.
ಮೂರೂ ನಿಜ. ಫ್ಯಾನೇ ಇಲ್ಲದ ಮೇಲೆ ಸದ್ದೆಲ್ಲಿಯದು?
ಹೇಳದೆ ನುಂಗಿದ ಮಾತು ಮಾತ್ರ
ಈಗ ಅವಳ ಟೈಪಿಂಗ್ ಅಂಗಡಿಯಲ್ಲಿ,
ಕೋರ್ಟಿನ ಎದುರು,
ಹಸಿರು ದೀಪ ಮಿಟುಕಿಸುತ್ತ ಕೂತಿದೆ:
ಹನ್ನೆರಡು ವರ್ಷದ ಪ್ರಿಂಟರು,
ಈ ಹೊಸ ನೆಂಟನ ಭಾಷೆ ತಿಳಿಯದೆ.

ಸಹಕಾರ ಸಂಘದ ಲೆಕ್ಕದ ತಂತ್ರಾಂಶ ತೆರೆಯುತ್ತದೆ, ನಿಧಾನಕ್ಕೆ.
ಸಾಕ್ಷಿಕಟ್ಟೆಯ ಅಜ್ಜಿ ಅಚೋಲಿಯಲ್ಲಿ ಒಂದು ಮಾತಾಡಿ ನಿಂತರೆ
ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸುವ ತನಕ
ಜಡ್ಜು ಪೆನ್ನು ಹಿಡಿದು ಕಾಯುವುದಿಲ್ಲವೇ,
ಹಾಗೆ. ಪ್ರತಿ ಕ್ಲಿಕ್ಕಿಗೂ ಹಾಗೆ.

"ಮೆಮೊರಿ ಹೆಚ್ಚಿಸಲಾಗದು," ಅಂದೆ, "ಬೆಸುಗೆ ಹಾಕಿದ್ದಾರೆ.
ನಾಲ್ಕು ಅಂದರೆ ನಾಲ್ಕೇ.
ಕೆಟ್ಟರೆ ನನ್ನ ಕೈಲೂ ಇಲ್ಲ.
ಅಗ್ಗದ ಆಸೆಗೆ ಮುಗ್ಗಿದ ಜೋಳ, ಲಮುನು.
ಇದೇ ದುಡ್ಡಿಗೆ ದಪ್ಪ ಕಪ್ಪನೆಯದು ಬರುತ್ತಿತ್ತು,
ಯೂರೋಪಿನ ಆಫೀಸುಗಳಲ್ಲಿ ದುಡಿದು ಬಂದದ್ದು,
ಬಿಚ್ಚಬಹುದು, ಬದಲಿಸಬಹುದು,
ನಿನ್ನ ಪ್ರಿಂಟರಿಗೆ ಹಳೇ ಸ್ನೇಹಿತ."
ಅಂಥವು ಮೂರು ನನ್ನ ಬೆನ್ನ ಹಿಂದಿನ ಶೆಲ್ಫಿನಲ್ಲೇ ಇದ್ದವು.
ಅವಳೂ ನೋಡಿದಳು.
ಏನೂ ಅನ್ನದೆ ಯಂತ್ರ ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು.

ಮಂಗಳವಾರ ಸಂಜೆ ಏಳಕ್ಕೆ ಕರೆಂಟು ಹೋಯಿತು.
ಅವತ್ತೇ ಓಪಿರಾ ಮೇಷ್ಟ್ರು ತೀರಿಕೊಂಡಿದ್ದರು.
ಮರುದಿನ ಹತ್ತಕ್ಕೆ ಮಣ್ಣು.
ಸಾವು ಟ್ರಾನ್ಸ್‌ಫಾರ್ಮರ್ ರಿಪೇರಿಗೆ ಕಾಯುತ್ತದೆಯೇ?
ನನ್ನ ಶೆಲ್ಫಿನ ಗಟ್ಟಿಗರು ಮೂವರೂ
ನಲವತ್ತು ನಿಮಿಷ ಗುರ್ರೆಂದು,
ಬಿಸಿಯುಸಿರು ಬಿಟ್ಟು,
ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದರು.

ಬಾಗಿಲು ಎಳೆದು ಹೊರಟಾಗ ಕಂಡೆ:
ಬೀದಿಗೆ ಬೀದಿಯೇ ಕಪ್ಪು, ನಡುವೆ ಒಂದೇ ಒಂದು ಮುಖ
ಗಲ್ಲದ ಕೆಳಗಿನಿಂದ ನೀಲಿಯಾಗಿ.
ಮೇಷ್ಟ್ರ ತಂಗಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು,
ಇವಳು ಬರೆಯುತ್ತಿದ್ದಳು:
ಮಕ್ಕಳು ಒಂಬತ್ತು, ಮೊಮ್ಮಕ್ಕಳು ನಲವತ್ತಮೂರು,
ಒಬ್ಬೊಬ್ಬರ ಹೆಸರೂ, ಕಾಗುಣಿತ ಕೇಳಿ ಕೇಳಿ.
ಒಂದು ಹೆಸರಿಗೆ ಮುದುಕಿ ತಡೆದಳು.
ಲಮುನು ಬೆರಳೆತ್ತಿ ಕಾದಳು.
ಯಂತ್ರವೂ ಕಾಯಿತು.
ಅಷ್ಟು ಮೌನದಲ್ಲಿ ಒಂದು ಫ್ಯಾನು ತಿರುಗಿದ್ದರೂ
ಆಕೆಯ ಬಿಕ್ಕು ನನಗೆ ಕೇಳುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಕರೆಂಟು ಬಂತು.
ಆರೂ ಐದಕ್ಕೆ ಅವಳು, ಕೈಯಲ್ಲಿ ಪೆನ್‌ಡ್ರೈವು.
ದಪ್ಪ ಕಪ್ಪನೆಯದಕ್ಕೆ ಚುಚ್ಚಿ
ಇನ್ನೂರು ಪ್ರತಿ ತೆಗೆದುಕೊಟ್ಟೆ.
ಕಾಗದದ ದುಡ್ಡು ತೆಗೆದುಕೊಂಡೆ. ಅಂಗಡಿ ಅಂದಮೇಲೆ ಅಂಗಡಿಯೇ.

ಮೋಸ ಹೋದೆನಾ ಎಂದು ಅವಳು ಮತ್ತೆ ಕೇಳಲಿಲ್ಲ.
ಕೇಳಿದ್ದರೆ?
ಪ್ರಿಂಟರಿನ ಎದುರು ನಿಂತು ಕೇಳಿದರೆ ಹೌದು,
ಕತ್ತಲಲ್ಲಿ ಕೂತು ಕೇಳಿದರೆ ಇಲ್ಲ ಎನ್ನುತ್ತಿದ್ದೆನೇನೋ.
ಬೇರೆ ಒಂದು ವಿಷಯ ಮಾತ್ರ ಹೇಳಬೇಕಿತ್ತು.
ಅವತ್ತು ಬಿಚ್ಚಿದ್ದು ಆರು ಸ್ಕ್ರೂ,
ಹಾಕಿದ್ದು ಐದು.
ಆರನೆಯದು ನೆಲಕ್ಕುರುಳಿ
ಎಲ್ಲಿ ಹೋಯಿತೋ, ಇನ್ನೂ ಸಿಕ್ಕಿಲ್ಲ.