ಜುಲ್ಮೀರಾಳ ವ್ಯಾನಿಗೆ ತೊಂಬತ್ತು ನಿಮಿಷ

ಕೂತ್ಕೋ ಜುಲ್ಮೀರಾ. ಆ ಸ್ಟೂಲಿನ ಒಂದು ಕಾಲು ಗಿಡ್ಡ,
ಗೋಡೆಗೆ ಒರಗಿಕೊಂಡರೆ ಬೀಳುವುದಿಲ್ಲ.
ಮಿಂಡೆಲೋ ಬಂದರಿಗೆ ಇವತ್ತು ಸಹಾರಾದ ಧೂಳು ಬಂದಿದೆ,
ಟೇಪಿನ ಹೆಡ್ಡು ಒರೆಸೀ ಒರೆಸೀ
ನನ್ನ ಸ್ಪಿರಿಟ್ ಬಾಟಲಿ ಅರ್ಧವಾಯಿತು.

ವ್ಯಾನು ಸಿಕ್ಕಿತೆಂದೆ. ಆಚೆ ದ್ವೀಪದಲ್ಲಿ,
ಪೋರ್ಟೊ ನೋವೊ ದಡದಿಂದ ಗುಡ್ಡ ಹತ್ತಿ
ಆ ಬದಿಗೆ ಇಳಿಯುವ ಕಲ್ಲುಹಾಸಿನ ದಾರಿ.
ಹದಿನಾಲ್ಕು ಸೀಟು, ಇಪ್ಪತ್ತು ಜನ, ಲೆಕ್ಕಕ್ಕಿಲ್ಲದ ಕೋಳಿ.
'ಹೆಂಗಸು ಓಡಿಸ್ತಾಳಂತೆ' ಎಂದು ಇಳಿದುಹೋದವರೂ ಇದ್ದಾರೆಂದೆ.
ಇಳಿಯಲಿ ಬಿಡು. ಹತ್ತಿದವರಿಗೆ ಹಾಡು ಬೇಕು.

ಮೊದಲಿಗೇ ಮೊರ್ನಾ ಹಾಕಬೇಡ.
ಎಲ್ಲರೂ ಅದನ್ನೇ ಹಾಕುತ್ತಾರೆ. ಹಡಗಿಳಿದವರ ಕಣ್ಣು ಹೇಗೂ ಒದ್ದೆ,
ಅದಕ್ಕೆ ಇನ್ನೊಂದು ಚೊಂಬು ನೀರು ಯಾಕೆ?
ಕೊಲಾದೇರಾದಿಂದ ಶುರುಮಾಡು:
ಸಾಲ ತೀರಿಸದ ಪಕ್ಕದ ಮನೆಯವನನ್ನು
ನಗುನಗುತ್ತ ಬಯ್ಯುವ ಹಾಡು. ಕ್ಲಚ್ಚು ಬಿಡುವಾಗ ಅದೇ ಸರಿ.
ಏರು ಸಿಕ್ಕ ಕೂಡಲೇ ಫುನನಾ.
ಗಾಯ್ತಾದ ತಿದಿ ನಿನ್ನ ಎಂಜಿನ್ನಿನ ಹಾಗೇ ಏದುಸಿರು ಬಿಡುತ್ತದೆ,
ಕಬ್ಬಿಣದ ಪಟ್ಟಿಗೆ ಚಾಕು ಉಜ್ಜುವ ಸದ್ದಿಗೆ
ಹಿಂದಿನ ಸೀಟಿನ ಕುಡುಕನಿಗೂ ಬೆನ್ನು ನೆಟ್ಟಗಾಗುತ್ತದೆ.
ನನ್ನಪ್ಪ ಇದನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.
ಸತ್ತಮೇಲೆ ಅವನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು
ಎರಡು ಕೋಟು, ಒಂದು ಗಾಯ್ತಾ.

ಏಣಿನ ಮೇಲೆ, ಮಂಜು ಮುಚ್ಚಿ
ಎರಡೂ ಕಡೆ ಪ್ರಪಾತ ಬಾಯಿ ತೆರೆವಲ್ಲಿ,
ಯಾರೂ ಹಾಡದ ಒಂದು ಮಜುರ್ಕಾ ಇಟ್ಟಿದ್ದೇನೆ, ಬರಿಯ ಪಿಟೀಲು.
ನುಡಿಸಿದವನು ಕ್ಷೌರಿಕ;
ಎರಡನೇ ಸುತ್ತಿನಲ್ಲಿ ಶ್ರುತಿ ತುಸು ಜಾರುತ್ತದೆ.
ತಪ್ಪಿಲ್ಲದ ಪ್ರತಿಯೂ ಇದೆ, ಕೊಡುವುದಿಲ್ಲ.

ಮಗ್ಗುಲು ಬದಲಿಸಿದ ಮೇಲೆ ಬತೂಕ್.
ಡೋಲಿಲ್ಲದಿದ್ದರೇನು, ತೊಡೆಯಿದೆ, ಸುತ್ತಿದ ಬಟ್ಟೆಯ ಗಂಟಿದೆ,
ಬಡಿಯುವ ಹೆಂಗಸರಿದ್ದಾರೆ.
ನಿನ್ನ ಸಂತೆಯವರು ಬುಟ್ಟಿಯನ್ನೇ ಬಡಿದಾರು,
ಮೊಟ್ಟೆ ಇದ್ದವರಿಗೆ ಮೊದಲೇ ಹೇಳು.
ಆಮೇಲೊಂದು ಸಾಂಬಾ, ಯಾವನೋ ನಾವಿಕ ಬಾಕಿಗೆ ಬಿಟ್ಟುಹೋದದ್ದು.
ಶಾಲೆ ಹುಡುಗರಿಗೆ ರೆಗ್ಗೆ. ನನಗೆ ಹಿಡಿಸದು,
ವಯಸ್ಸಾದದ್ದು ನನ್ನ ಕಿವಿಗೆ, ಹಾಡಿಗಲ್ಲ.

ಕೊನೆಗೆ ಮೊರ್ನಾ. ಹೌದು, ಕೊನೆಗೇ,
ಕೆಳಗೆ ಸಮುದ್ರ ಮತ್ತೆ ಕಾಣುವಾಗ.
ಆದರೆ ಕೇಳು, ಅದು ಪೂರ್ತಿ ಇಲ್ಲ.
ತಟ್ಟೆಯೊಂದ ಮುಚ್ಚಿಟ್ಟಿರುವೆ, ಅದರೊಳಗೆ
ಎಂದು ಅವಳು ಉಸಿರೆಳೆದುಕೊಳ್ಳುವಲ್ಲಿ
ಟಕ್. ಟೇಪು ಮುಗಿಯಿತು.
ನನ್ನ ಹತ್ತಿರ ಇರುವುದೇ ಅಷ್ಟು, ಇಪ್ಪತ್ತಾರು ವರ್ಷದಿಂದ.
ಒಮ್ಮೆ ರೇಡಿಯೋದಲ್ಲಿ ಬಂತು. ಆ ಜಾಗ ದಾಟುವ ಮೊದಲೇ
ಎದ್ದು ಕಿವಿ ತಿರುಚಿ ಆರಿಸಿದೆ,
ಯಾರದೋ ಕಾಗದ ಒಡೆಯಹೊರಟ ಹಾಗಾಗಿ.

*

ಎರಡು ತಿಂಗಳಿಗೆ ಬಂದಳು, ಕೈಯೆಲ್ಲ ಡೀಸೆಲ್ ನಾತ.
ಸಾಂಬಾ ಯಾರಿಗೂ ಬೇಡವಂತೆ.
ಮಜುರ್ಕಾ ನಡುವೆ ಒಂದು ಮಗು ವಾಂತಿ ಮಾಡಿಕೊಂಡಿತಂತೆ.
'ಆ ಅರ್ಧದ್ದು ಮಾತ್ರ, ಅರ್ಮಿಂದು ಮಾಮ,
ಟಕ್ ಎಂದದ್ದೇ ತಡ, ವ್ಯಾನಿಗೆ ವ್ಯಾನೇ ಬಾಯಿ ಬಿಡುತ್ತದೆ.
ಒಬ್ಬಳು ತಟ್ಟೆಯಲ್ಲಿ ಹುರಿದ ಹಾವುಮೀನು ಅಂತಾಳೆ,
ಒಬ್ಬ ಅಂಚೆಚೀಟಿ ಹಚ್ಚದ ಕಾಗದ,
ಶಾಲೆ ಹುಡುಗರು ಪ್ರತಿ ಸಲ ಕಪ್ಪೆ.
ನಿನ್ನೆ ಕ್ರಿಸಾಲ್ದಾ ಅಜ್ಜಿ, ತಿಂಗಳಿಂದ ತುಟಿ ಬಿಚ್ಚದವಳು,
ಏನೂ ಇಲ್ಲ ಕಣ್ರೋ, ಮುಚ್ಚಿಟ್ಟಿದ್ದಷ್ಟೇ
ಅಂದುಬಿಟ್ಟಳು, ಅದೂ ರಾಗದಲ್ಲೇ.
ಬ್ರೇಕೊತ್ತಿ ನಿಲ್ಲಿಸಬೇಕಾಯಿತು.'

ಪೂರ್ತಿ ಪ್ರತಿ ಸಿಕ್ಕೀತೇ ಎಂದು ಅವಳು ಕೇಳಲಿಲ್ಲ.

ಶನಿವಾರದ ಫೆರ್ರಿಗೆ ಚೀಟಿ ತೆಗೆಸಿದ್ದೇನೆ.
ಕಡಲು ನನಗಾಗದು, ಜೇಬಿನಲ್ಲಿ ನಿಂಬೆಹಣ್ಣಿದೆ.
ಅವಳ ಹಿಂದಿನ ಸೀಟು ಕೇಳಿದೆ,
'ಮೊದಲು ಬಂದವರಿಗೆ' ಅಂದಳು.
ಆ ತಟ್ಟೆಯಲ್ಲಿ ಏನಿದೆಯೆಂದು ಇಷ್ಟು ವರ್ಷ ಯೋಚಿಸಿದವನೇ ಅಲ್ಲ ನಾನು.
ನಿನ್ನೆ ರಾತ್ರಿಯಿಂದ ಯೋಚಿಸುತ್ತಿದ್ದೇನೆ.