ಮುಖ ತಿರುಗಿಸಿದ ಗಳಿಗೆ

ಎಪರ್ನೇ ಊರಿನಡಿಯ ಸುಣ್ಣಕಲ್ಲಿನ ನೆಲಮಾಳಿಗೆಯಲ್ಲಿ
ನಲವತ್ತೊಂದು ವರ್ಷ ಷಾಂಪೇನಿನ ಬಿರಡೆ ಬಿಚ್ಚಿದವನು ಗಿಲೆನ್.
ಬಲಗಣ್ಣು ಗಾಜಿನದು.
ಗೂಡಿನಲ್ಲಿದ್ದ ಸೀಸೆ ತಾನಾಗಿ ಸಿಡಿದಾಗ
ಅವನಿಗೆ ಹತ್ತೊಂಬತ್ತು.

"ಬಿರಡೆ ಹಿಡಿದಿರು, ಸೀಸೆ ತಿರುಗಿಸು.
ನಿದ್ದೆಯ ಕೂಸು ಮಗ್ಗುಲಾದಷ್ಟೇ ಸದ್ದು,
ಢಬ್ ಅಂದರೆ ನೀನು ಸೋತೆ."
ಹೊಸಬರಿಗೆ ಇದು ಮೊದಲ ಪಾಠ.
ಎರಡನೆಯದನ್ನು ಹೇಳುವುದಿಲ್ಲ, ಮಾಡುತ್ತಾನೆ:
ಬಿರಡೆ ಸಡಿಲುವ ಗಳಿಗೆಗೆ
ಮುಖ ಆಚೆ.

ತಂಗಿಯ ಮಗಳು ಸೊಲೆನ್, ರೀಮ್ಸಿನ ಪ್ರಯೋಗಾಲಯದವಳು,
ಆರು ಸೀಸೆ ಒಯ್ದು ಬೆಚ್ಚಗಿನ ಕೋಣೆಯಲ್ಲಿಟ್ಟಳಂತೆ.
ಇಪ್ಪತ್ತು ಡಿಗ್ರಿ! ಎರಡು ದಿನ ಬೈದ.
ಮೂರನೆಯ ದಿನ ಹೋದ.

ಪರದೆಯ ಮೇಲೆ
ಬಿರಡೆ ಸೀಸೆಯ ಬಾಯಿ ಬಿಟ್ಟು ಬೆರಳಗಲವೂ ಸರಿದಿಲ್ಲ.
ಕಾರಿನ ಟೈರಿನೊಳಗಿನದಕ್ಕೆ ಮೂರು ಪಟ್ಟು ಒತ್ತಡದಲ್ಲಿ
ಇಷ್ಟು ವರ್ಷ ಮುದುರಿ ಕೂತ ಅನಿಲ
ಒಮ್ಮೆಗೇ ಹಿಗ್ಗುತ್ತದೆ.
ಹಿಗ್ಗಲು ಶಾಖ ಬೇಕು.
ಸಾಲ ಕೇಳಲು ಹೊತ್ತಿಲ್ಲ, ಕೊಡುವವರೂ ಇಲ್ಲ,
ತನ್ನ ಮೈಯ ಬಿಸಿಯನ್ನೇ ಸುರಿದು ಹಿಗ್ಗಿ
ಹಿಗ್ಗಿದ್ದಕ್ಕೇ ಹೆಪ್ಪುಗಟ್ಟುತ್ತದೆ
ಸೊನ್ನೆಗಿಂತ ತೊಂಬತ್ತು ಮೆಟ್ಟಿಲು ಕೆಳಗೆ.
ಎಷ್ಟು ಸಣ್ಣ ಹಿಮದ ಪುಡಿ ಅಂದರೆ
ಬೆಳಕಿನಲ್ಲಿ ನೀಲಿಯೊಂದನ್ನೇ ಚೆದುರಿಸಬಲ್ಲದು,
ಮೇಲೆ ಆಕಾಶ ಮಾಡಿಕೊಂಡು ಬಂದ ಹಾಗೆ.

ಸೀಸೆಯ ಕೊರಳಲ್ಲಿ ಒಂದು ನೀಲಿ ಗರಿ.
ಸೆಕೆಂಡಿನ ಸಾವಿರದ ಒಂದೆರಡು ಪಾಲು, ಆಮೇಲೆ ಇಲ್ಲ.

"ನಿಮ್ಮ ತಣ್ಣನೆ ಮಾಳಿಗೆಯಲ್ಲಿ ಇದು ಹುಟ್ಟುವುದಿಲ್ಲ ಮಾವ,
ಅಲ್ಲಿ ಬರೀ ಬಿಳಿ ಮಂಜು.
ಬೆಚ್ಚಗಿದ್ದಷ್ಟೂ ಒತ್ತಡ ಜಾಸ್ತಿ,
ಒತ್ತಡ ಜಾಸ್ತಿಯಾದಷ್ಟೂ ಚಳಿ."

ಗಿಲೆನ್ ಆ ಬಿಳಿಯನ್ನೂ ಸರಿಯಾಗಿ ಕಂಡವನಲ್ಲ.
ದಿನಕ್ಕೆ ನೂರಾರು ಸೀಸೆ,
ಪ್ರತಿ ಸಲವೂ ಎದುರಿಗೆ ಕಂಡದ್ದು
ಒದ್ದೆ ಗೋಡೆ, ಅದರ ಮೇಲೆ ಯಾರೋ ಕೊರೆದ ಹಂದಿಯ ಚಿತ್ರ.

ಮತ್ತೊಮ್ಮೆ ಹಾಕು ಅಂದ.
ಮತ್ತೊಮ್ಮೆ.
ನೀಲಿ ಗಾಜಿನ ಕಣ್ಣಿನ ಮೇಲೂ ಬಿತ್ತು,
ಅದಕ್ಕೇನು, ಅದು ಎಲ್ಲವನ್ನೂ ಬೀಳಗೊಡುತ್ತದೆ.

"ಉಳಿದ ಐದು ಎಲ್ಲಿ?"
ಅವಳು ದಪ್ಪ ಕನ್ನಡಕ ಕೊಟ್ಟಳು. ಹಾಕಿಕೊಂಡ.
ಕುರ್ಚಿ ಮುಂದಕ್ಕೆಳೆದ.
"ಬರಿಗಣ್ಣಿಗೆ ಸಿಗುವುದಿಲ್ಲ ಮಾವ, ಅಷ್ಟು ಬೇಗ."
"ಸಿಗದಿದ್ದರೆ ಬೇಡ," ಅಂದ ಸೀಸೆ ತಿರುಗಿಸುತ್ತ,
"ಈ ಸಲ ನೋಡುತ್ತಿದ್ದೆ ಅಂತ
ಅದಕ್ಕಾದರೂ ಗೊತ್ತಾಗಲಿ."