ಷರಾ

ಔಷಧಿ ಪುಡಿ ಕಟ್ಟುವ ಕಾಗದದಲ್ಲಿ ಹನ್ನೆರಡು ಬೀಜ.
ಇಕಿ ದ್ವೀಪದಿಂದ ಹಡಗು ಹತ್ತಿ ತಂದಿದ್ದ ಮಕಿಯಾಮಾ ತಾತ,
ಹಡಗುಕಟ್ಟೆಯಲ್ಲಿ ಟಿಕೆಟು ಹರಿದು ಮುಪ್ಪಾದವನು.
‘ಇದರೊಳಗೆ ಒಂದು ಹೂವಿದೆ’ ಎಂದ.
‘ನಾನು ಕಂಡಿಲ್ಲ. ಅಪ್ಪ ಕಂಡಿದ್ದ.’

ಭತ್ತ, ಸೋಯಾ, ಗೋಧಿ ಆಚೆಯ ಕಟ್ಟಡದಲ್ಲಿ;
ಅವಕ್ಕೆ ಎರಡು ಜನರೇಟರು.
ನಮ್ಮದು ಹೊಟ್ಟೆಗಾಗದ ಹೂವಿನ ಬೀಜ.
ನಮಗೆ ಒಂದೇ,
ಅದೂ ಕೆಮ್ಮುತ್ತದೆ.

ಅಸಗಾವೊ: ಬೆಳಗಿನ ಮುಖ ಎಂದರ್ಥ.
ನಸುಕಿಗೆ ತೆರೆದು ಊಟದ ಹೊತ್ತಿಗೆ ಮುಗಿದುಹೋಗುವ ಮುಖ.
ಕೆಲವಂತೂ ತಮ್ಮ ಚೆಲುವಿನಲ್ಲೇ ಚಿಂದಿಯಾಗಿರುತ್ತವೆ,
ದಳ ದಾರವಾಗಿ, ಕೇಸರವೂ ದಳವಾಗಿ,
ಒಳಗೆ ಹೆರುವುದಕ್ಕೆ ಜಾಗವೇ ಇಲ್ಲದೆ.
ಅಂಥದು ಬೀಜ ಕಟ್ಟುವುದಿಲ್ಲ.
ಅದನ್ನು ಹೊತ್ತು ತರುವವರು
ಅದರ ಸಾದಾ ಅಕ್ಕತಂಗಿಯರು,
ಬೇಲಿಯ ಮೇಲೆ ಯಾರೂ ನಿಂತು ನೋಡದ ನೀಲಿ.
ಯಾರ ಮಡಿಲಲ್ಲಿದೆ, ಯಾರದು ಬರಿದು
ಮುಖ ನೋಡಿ ಹೇಳಲಾಗದು.
ಬಿತ್ತಬೇಕು. ಮಕ್ಕಳನ್ನು ಎಣಿಸಬೇಕು.

ಬೀಜದ ಸಿಪ್ಪೆ ಗಟ್ಟಿ; ಗೀರದಿದ್ದರೆ ನೀರು ಕುಡಿಯದು.
ಹದಿನೇಳು ವರ್ಷವಾಯಿತು,
ನನ್ನ ಉಗುರುಕತ್ತರಿ ಒಂದು ಉಗುರನ್ನೂ ಕಂಡಿಲ್ಲ.

ಮೊದಲ ಬೇಸಿಗೆ: ಒಂದು ಕೊಳೆಯಿತು, ಹನ್ನೊಂದು ಹಬ್ಬಿದವು.
ಎಲ್ಲವೂ ಸಾದಾ.
ಎರಡನೆಯದು: ಒಬ್ಬೊಬ್ಬಳಿಂದ ಎಂಟೆಂಟು,
ಎಂಬತ್ತೆಂಟು ಕುಂಡ, ಸೊಂಟನೋವು, ಬಸವನಹುಳು.
ಒಂಬತ್ತನೆಯವಳ ಮಕ್ಕಳಲ್ಲಿ ಇಬ್ಬರಿಗೆ
ಬೀಜದೆಲೆ ಸುರುಟಿತ್ತು,
ನಿದ್ದೆಗಣ್ಣಿನ ಮಗುವಿನ ಮುಷ್ಟಿಯ ಹಾಗೆ.
ಒಬ್ಬಳನ್ನು ಹುಳು ತಿಂದಿತು.
ಇನ್ನೊಬ್ಬಳು ಆಗಸ್ಟಿನ ಒಂದು ಮಂಗಳವಾರ,
ನಾಲ್ಕೂವರೆಗೆ, ನಾನು ಟಾರ್ಚು ಹಿಡಿದು ನಿಂತಿದ್ದಾಗ
ಬಿಚ್ಚಿಕೊಂಡಳು.

ಫೋನು ಮಾಡಿದೆ.
ಗಾಳಿ ಎದ್ದಿತ್ತು, ಹಡಗು ತಡ.
ತಾತ ಬಂದಾಗ ಎರಡು ಗಂಟೆ;
ಹೂವು ಹಿಂಡಿಟ್ಟ ಬಟ್ಟೆಯಾಗಿತ್ತು.

‘ಬಣ್ಣ?’
‘ಬೂದಿ ಬೆರೆತ ನೀಲಿ.’
‘ಹಾಗಿದ್ದರೆ ಇದಲ್ಲ. ಅಪ್ಪ ಹೇಳಿದ್ದು ಕಂದು,
ಹಳೆಯ ಚಹಾದ ಕರೆಯಂತೆ.’
ಫೋಟೊ ತೋರಿಸಿದೆ.
ಕನ್ನಡಕ ಮರೆತು ಬಂದಿದ್ದೇನೆ ಎಂದ,
ಜೇಬಿನಲ್ಲಿ ಅದರ ಕಡ್ಡಿ ಕಾಣುತ್ತಿತ್ತು.

ಷರಾ ಎಂಬ ಕಲಮಿನಲ್ಲಿ ಪೆನ್ಸಿಲಿನಿಂದ ಬರೆದೆ,
ತಂಪು ಕೋಣೆಯಲ್ಲಿ ಶಾಯಿಯನ್ನು ನಂಬುವ ಹಾಗಿಲ್ಲ:
ಬೂದಿ ನೀಲಿ. ಕೊಟ್ಟವರ ಪ್ರಕಾರ ಕಂದು.
ಇಬ್ಬರಲ್ಲಿ ಒಬ್ಬರು ಸುಳ್ಳಾಗಿರಬಹುದು,
ಅಥವಾ ಇನ್ನೊಂದು ಹೂವು ಇನ್ನೂ ಯಾರದೋ ಮಡಿಲಲ್ಲಿ.

ತಾತ ಕೊನೆಯ ಹಡಗಿಗೆ ಹೊರಟ.
ಹೋಗುತ್ತ, ಬಾಗಿಲ ಬಳಿಯ ಸಾದಾ ಬಳ್ಳಿಯೊಂದರ
ಎಲೆ ಮಗುಚಿ, ಅಂಟಿದ್ದ ಹೇನನ್ನು
ಹೆಬ್ಬೆರಳಿನಿಂದ ಒರೆಸಿ, ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಂಡ.

ಆ ಕುಂಡದ ನಂಬರು ಅರವತ್ತೊಂದು.
ಯಾಕೋ, ಅದನ್ನೂ ಬರೆದುಕೊಂಡೆ.